ಸೆಲ್ ಹಳತಾದರೆ ರೇಡಿಯೊ ಗೊಣಗುತ್ತದೆ

ನಾವು ಗೆಳೆಯರು ಸೇರಿ ಕೈಯಾರೆ ಜೋಡಿಸಿದ ರೇಡಿಯೊ ಕೆಲವು ದಿನ ಚೆನ್ನಾಗಿಯೇ ಹಾಡಿತು. ಒಂದು ಸಂಜೆ ವಾಲ್ಯೂಮ್ ಏರಿಸಿದ ಕೂಡಲೇ ಡೀಸೆಲ್ ಪಂಪ್‌ಸೆಟ್ಟಿನ ಹಾಗೆ ಟುಕ್ ಟುಕ್ ಎನ್ನತೊಡಗಿತು. ಮೊದಲು ಸ್ಟೇಷನ್ನನ್ನು ಬೈದೆವು, ಆಮೇಲೆ ನಮ್ಮದೇ ಬೆಸುಗೆಯನ್ನು. ತಪ್ಪಿದ್ದದ್ದು ಸೆಲ್ಲಿನಲ್ಲಿ. ಹುಡುಕುತ್ತಾ ಹೋದರೆ, ಈ ಕಾಯಿಲೆ ಸುಮಾರು ನೂರು ವರ್ಷ ಹಳೆಯದು.

1920ರ ದಶಕದ ವಾಲ್ವ್ ರೇಡಿಯೊಗಳು ಬ್ಯಾಟರಿಯಿಂದಲೇ ನಡೆಯುತ್ತಿದ್ದವು. ಅಮೆರಿಕದಲ್ಲೂ ಆಗ ಬಹುತೇಕ ಹಳ್ಳಿಗಳಿಗೆ ಕರೆಂಟ್ ಬಂದಿರಲಿಲ್ಲ. ವಾಲ್ವಿನ ತಂತಿ ಕಾಯಿಸಲು ‘ಎ’ ಬ್ಯಾಟರಿ. ಹೆಚ್ಚಾಗಿ 6 ವೋಲ್ಟಿನ ಆಸಿಡ್ ಬ್ಯಾಟರಿ, ಆಗಾಗ ಚಾರ್ಜ್ ಮಾಡಿಸಬೇಕು. ಜೊತೆಗೆ 45 ವೋಲ್ಟಿನ ‘ಬಿ’ ಬ್ಯಾಟರಿಗಳು. ಈ ‘ಬಿ’ ಹಳತಾದರೆ ಅದೇ ಟುಕ್ ಟುಕ್. ನಮಗೆ ಪಂಪ್‌ಸೆಟ್ ನೆನಪಾದರೆ ಅವರಿಗೆ ದೋಣಿಯ ಎಂಜಿನ್ ನೆನಪಾಯಿತು. ‘ಮೋಟರ್‌ಬೋಟಿಂಗ್’ ಎಂದು ಹೆಸರಿಟ್ಟರು.

ಕಾರಣ ಸರಳ. ಸೆಲ್ ಒಣಗುತ್ತಾ ಬಂದಂತೆ ಅದರೊಳಗಿನ ತಡೆ ಹೆಚ್ಚುತ್ತದೆ. ಸ್ಪೀಕರಿನ ಭಾಗ ಒಮ್ಮೆಲೇ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಆ ಕುಸಿತ ರೇಡಿಯೊದ ಮೊದಲ ಭಾಗಕ್ಕೂ ತಟ್ಟಿ, ದೊಡ್ಡದಾಗಿ ಮತ್ತೆ ಸ್ಪೀಕರಿಗೆ ಬರುತ್ತದೆ. ಹೀಗೆ ಸುತ್ತು ಹಾಕುವುದೇ ಆ ಸದ್ದು.

ಬ್ಯಾಟರಿಯೇ ಬೇಡ ಎಂದು ಹೊರಟವರೂ ಇದ್ದರು. ಕೆನಡಾದ ಟೊರೊಂಟೊದಲ್ಲಿ ಎಡ್ವರ್ಡ್ ರೋಜರ್ಸ್ 1925ರಲ್ಲಿ ಮನೆ ಕರೆಂಟಿಗೇ ಸಿಕ್ಕಿಸುವ ರೇಡಿಯೊ ಮಾರುಕಟ್ಟೆಗೆ ತಂದರು. ಮನೆ ಕರೆಂಟು ಸೆಕೆಂಡಿಗೆ ಹತ್ತಾರು ಸಲ ಏರಿ ಇಳಿಯುವಂಥದ್ದು, ಅದು ಗುಂಯ್ ಎನ್ನುವ ಸದ್ದಾಗಿ ಕೇಳಿಸುತ್ತದೆ. ಆ ಗುಂಯ್ ಅಡಗಿಸುವುದೇ ಅವರಿಗಿದ್ದ ದೊಡ್ಡ ಸವಾಲು.

1954ರಲ್ಲಿ ಅಮೆರಿಕದಲ್ಲಿ ರೀಜೆನ್ಸಿ ಟಿಆರ್-1 ಎಂಬ ಜೇಬಿನ ಟ್ರಾನ್ಸಿಸ್ಟರ್ ರೇಡಿಯೊ ಬಂತು. ಟ್ರಾನ್ಸಿಸ್ಟರಿಗೆ ತಂತಿ ಕಾಯಿಸುವ ಗೊಡವೆಯಿಲ್ಲ, ಸಣ್ಣ ಬ್ಯಾಟರಿ ಸಾಕು. ಹಳೇ ಕಾಯಿಲೆ ಮಾತ್ರ ಅಲ್ಲಿಗೂ ಬಂತು. ನಮ್ಮ ಮನೆಗಳಲ್ಲಿ ಸೆಲ್ ಉಳಿಸಲು ‘ಎಲಿಮಿನೇಟರ್’ ಡಬ್ಬಿ ಹಚ್ಚುತ್ತಿದ್ದ ಕಾಲ ಹಿರಿಯರಿಗೆ ನೆನಪಿರಬಹುದು. ಅಗ್ಗದ ಡಬ್ಬಿಯಾದರೆ ವಾರ್ತೆಯ ಜೊತೆ ಗುಂಯ್ ಕೂಡ ಬರುತ್ತಿತ್ತು.

ಆಗಿನವರು ಕಂಡುಕೊಂಡ ಮದ್ದು ಇಂದಿಗೂ ಅದೇ: ಬ್ಯಾಟರಿಯ ಎರಡು ತುದಿಗೆ ಅಡ್ಡಲಾಗಿ ಒಂದು ಕೆಪಾಸಿಟರ್. ನಲ್ಲಿ ಸಣ್ಣಗೆ ಬರುವ ಮನೆಯಲ್ಲಿ ತೊಟ್ಟಿ ಇಟ್ಟಂತೆ. ಒಮ್ಮೆಲೇ ಬೇಕಾದಾಗ ಅದರಿಂದ ಸಿಗುತ್ತದೆ.

ನಾವು ಮಾಡಿದ್ದು ಇಷ್ಟು. ರೇಡಿಯೊ ಆಫ್ ಇದ್ದಾಗ ಮೀಟರ್ ಹಿಡಿದೆವು, ಸೆಲ್ ಚೆನ್ನಾಗಿದೆ ಎಂದೇ ತೋರಿಸಿತು. ಹಾಡುತ್ತಿರುವಾಗ ಹಿಡಿದರೆ ಮುಳ್ಳು ಕೆಳಗೆ ಬಿತ್ತು. ಹೊಸ ಸೆಲ್ ಹಾಕಿದೆವು, ಸದ್ದು ನಿಂತಿತು. ಜೊತೆಗೆ 470 ಮೈಕ್ರೊಫ್ಯಾರಡ್, 16 ವೋಲ್ಟಿನ ಕೆಪಾಸಿಟರ್ ಬೆಸೆದೆವು. ಪ್ಲಸ್ ಮೈನಸ್ ಅದಲುಬದಲಾದರೆ ಅದು ಸಿಡಿಯಬಹುದು, ಎಚ್ಚರ. ಸೆಲ್ಲಿನಲ್ಲಿ ಸರಿಯಾಗಿದ್ದು ಚಾರ್ಜರ್ ಹಚ್ಚಿದಾಗಷ್ಟೇ ಕಿರುಗುಟ್ಟಿದರೆ ತಪ್ಪು ಚಾರ್ಜರಿನದು.

ನಿಮ್ಮ ಅಟ್ಟದ ಮೇಲೂ ‘ಕೆಟ್ಟುಹೋದ’ ರೇಡಿಯೊ ಇರಬಹುದು. ಗುಜರಿಗೆ ಹಾಕುವ ಮುನ್ನ ಒಮ್ಮೆ ಹೊಸ ಸೆಲ್ ಹಾಕಿ ನೋಡಿ.