ಮಿತಾಕ್ಷರೆಯಲ್ಲಿ ದಂಪತಿವ್ಯವಹಾರ: ಕೋಪ, ದಂಡ, ಸಂಯಮ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (ಕ್ರಿ. ಶ. 1076-1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದನೆಂಬುದು ವಿದ್ವಜ್ಜನರಿಗೆ ವಿದಿತವಾದ ವಿಷಯ. ಗ್ರಂಥಾಂತ್ಯದಲ್ಲಿ ಅವನು ಕೊಂಡಾಡಿರುವ ಕಲ್ಯಾಣಪುರವೇ ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಬೀದರ, ಭಾಲ್ಕಿ, ಔರಾದ, ಮನ್ನಳ್ಳಿಗಳ ಸೀಮೆಯವರು ತಮ್ಮ ನೆರೆಯ ಊರಿನದೆಂದು ಹೇಳಿಕೊಳ್ಳಬಹುದಾದ ಈ ಗ್ರಂಥದ ದಾಯಭಾಗವನ್ನಷ್ಟೇ ಕೋಲ್‌ಬ್ರೂಕನು 1810ರಲ್ಲಿ ಇಂಗ್ಲಿಷಿಗೆ ತಂದನು. ಅಂದಿನಿಂದ ಮಿತಾಕ್ಷರೆಯೆಂದರೆ ಆಸ್ತಿ ಹಂಚುವ ಶಾಸ್ತ್ರವೆಂಬ ಭಾವನೆ ಬಲವಾಯಿತು. ಪತಿಪತ್ನಿಯರ ಕಲಹ ಅರಸನ ಸಭೆಗೆ ಬರಬಹುದೇ ಎಂಬ ಪ್ರಶ್ನೆಯನ್ನೂ ಅದು ಚರ್ಚಿಸಿದೆಯೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಪತ್ನಿಯನ್ನು ಹೊಡೆಯಲು ಶಾಸ್ತ್ರವೇ ಪತಿಗೆ ಅಧಿಕಾರವಿತ್ತಿದೆ ಎನ್ನುವವರೂ ಉಂಟು, ಅಂಥ ಮಾತು ಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲವೆನ್ನುವವರೂ ಉಂಟು. ಈ ಎರಡು ಪಕ್ಷಗಳನ್ನೂ ಗ್ರಂಥಗಳ ಆಧಾರದಿಂದ ಪರೀಕ್ಷಿಸತಕ್ಕದ್ದು.

ಮನುಸ್ಮೃತಿಯ ಎಂಟನೆಯ ಅಧ್ಯಾಯವು ಪತ್ನಿ, ಪುತ್ರ, ದಾಸ, ಶಿಷ್ಯ ಮೊದಲಾದವರು ತಪ್ಪು ಮಾಡಿದಾಗ ಹಗ್ಗದಿಂದಾಗಲಿ ಬಿದಿರ ಸೀಳಿನಿಂದಾಗಲಿ ಹೊಡೆಯಲು ಅನುಮತಿಯಿತ್ತಿದೆ. ಆದರೆ ಬೆನ್ನಿನ ಮೇಲಲ್ಲದೆ ತಲೆಯ ಮೇಲೆ ಹೊಡೆದವನಿಗೆ ಕಳ್ಳನ ಪಾಪವನ್ನು ವಿಧಿಸಿದೆ. 1909ರಲ್ಲಿ ಮೈಸೂರಿನ ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಪೆಟ್ಟಿನ ಸಂಖ್ಯೆಗೂ ಎಲ್ಲೆಯಿದೆ. ಮೂರು ಪೆಟ್ಟನ್ನು ಮೀರಿದ ಪತಿಗೆ ಪಾರುಷ್ಯದ ಅಪರಾಧಕ್ಕೆ ಹೇಳಿದ ದಂಡದಲ್ಲಿ ಅರ್ಧವುಂಟು. ಆದುದರಿಂದ ಅನುಮತಿಯೇ ಇರಲಿಲ್ಲವೆಂಬ ಎರಡನೆಯ ಪಕ್ಷವು ನಿಲ್ಲದು.

ಯಾಜ್ಞವಲ್ಕ್ಯನ ನಡೆ ಇದಕ್ಕಿಂತ ಭಿನ್ನವಾಗಿದೆ. ಆಚಾರಾಧ್ಯಾಯದ ಸ್ನಾತಕಧರ್ಮಗಳಲ್ಲಿ ಅವನು ನಿಂದೆಯನ್ನೂ ತಾಡನವನ್ನೂ ನಿಷೇಧಿಸಿ, ಪುತ್ರ ಮತ್ತು ಶಿಷ್ಯ ಇಬ್ಬರನ್ನು ಮಾತ್ರ ಅದಕ್ಕೆ ಅಪವಾದವಾಗಿ ಹೆಸರಿಸಿದ್ದಾನೆ. ಆ ಶ್ಲೋಕದಲ್ಲಿ ಪತ್ನಿಯ ಹೆಸರಿಲ್ಲ. ಅದೇ ಅಧ್ಯಾಯದಲ್ಲಿ, ಆಜ್ಞೆಯನ್ನು ನಡೆಸುವ, ದಕ್ಷಳಾದ, ಪುತ್ರವತಿಯಾದ, ಪ್ರಿಯಭಾಷಿಣಿಯಾದ ಪತ್ನಿಯನ್ನು ತೊರೆದವನಿಂದ ಧನದ ಮೂರನೆಯ ಒಂದು ಪಾಲನ್ನು ಅವಳಿಗೆ ಕೊಡಿಸಬೇಕೆಂದಿದೆ. ಧನವಿಲ್ಲದವನು ಅವಳನ್ನು ಪೋಷಿಸಬೇಕು. ‘ಕೊಡಬೇಕು’ ಎನ್ನದೆ ‘ಕೊಡಿಸಬೇಕು’ ಎಂದಿರುವದು ಗಮನಾರ್ಹ. ಕೊಡಿಸುವವನು ಅರಸನೇ. ಆದರೂ ಇದೇ ಸ್ಮೃತಿಯು ವ್ಯಭಿಚಾರಿಣಿಯಾದ ಪತ್ನಿಗೆ ಅಧಿಕಾರಹರಣವನ್ನೂ ಮಲಿನವಸ್ತ್ರವನ್ನೂ ಪ್ರಾಣಧಾರಣೆಗೆ ಬೇಕಾದಷ್ಟೇ ಅನ್ನವನ್ನೂ ವಿಧಿಸುತ್ತದೆಂಬುದನ್ನು ಮರೆಮಾಚಲಾಗದು. ಸ್ತ್ರೀಪುರುಷರಿಗೆ ಸಮಾನವಾದ ಧರ್ಮವು ಇಲ್ಲಿ ದೊರೆಯುವದಿಲ್ಲ.

ಇನ್ನು ಮಿತಾಕ್ಷರೆಯ ವಿಚಾರ. ಗುರುಶಿಷ್ಯರು, ತಂದೆಮಕ್ಕಳು, ದಂಪತಿಗಳು, ಸ್ವಾಮಿಭೃತ್ಯರು ಇವರೊಳಗಿನ ವಿರೋಧದಲ್ಲಿ ವ್ಯವಹಾರ, ಎಂದರೆ ನ್ಯಾಯಸಭೆಯ ವಿಚಾರಣೆ, ಸಿದ್ಧಿಸದೆಂಬ ಒಂದು ಸ್ಮೃತಿವಚನವುಂಟು. ಅದನ್ನು ಶಬ್ದಶಃ ಹಿಡಿದರೆ ಮನೆಯೊಳಗಿನ ಯಾವ ಅನ್ಯಾಯಕ್ಕೂ ಹೊರಗೆ ಬಾಗಿಲಿಲ್ಲ. ವಿಜ್ಞಾನೇಶ್ವರನು ವ್ಯವಹಾರಾಧ್ಯಾಯದಲ್ಲಿ ಈ ವಚನವನ್ನೆತ್ತಿಕೊಂಡು, ಅದು ಆತ್ಯಂತಿಕ ನಿಷೇಧವಲ್ಲವೆಂದು ಸಾಧಿಸುತ್ತಾನೆ. ಅದೆಂತೆಂದರೆ: ಹೊಡೆಯದೆಯೇ ಶಿಷ್ಯನನ್ನು ತಿದ್ದಬೇಕು, ಆಗದಿದ್ದಲ್ಲಿ ತೆಳುವಾದ ಹಗ್ಗ ಅಥವಾ ಬಿದಿರ ಸೀಳನ್ನು ಬಳಸಬಹುದು, ಬೇರೊಂದರಿಂದ ಹೊಡೆದ ಗುರುವನ್ನು ಅರಸನು ದಂಡಿಸಬೇಕು ಎಂಬುದು ಗೌತಮನ ಮತ. ಹೀಗಿರಲಾಗಿ, ಗುರುವು ಕೋಪದ ಆವೇಶಕ್ಕೆ ವಶನಾಗಿ ದೊಡ್ಡ ದಂಡದಿಂದ ತಲೆಗೆ ಹೊಡೆದರೆ, ಶಿಷ್ಯನ ದೂರು ವ್ಯವಹಾರಕ್ಕೆ ವಿಷಯವಾಗಿಯೇ ಆಗುತ್ತದೆ. ಪಿತಾಮಹಾರ್ಜಿತವಾದ ಆಸ್ತಿಯನ್ನು ತಂದೆಯು ಮಾರಿದರೆ ಮಗನೂ ಸಭೆಗೆ ಬರಬಹುದು. ಕ್ಷಾಮ, ಧರ್ಮಕಾರ್ಯ, ವ್ಯಾಧಿ, ಬಂಧನ ಇವುಗಳ ಹೊರತು ಸ್ತ್ರೀಧನವನ್ನು ವ್ಯಯಮಾಡಿದ ಪತಿಯು, ಧನವಿದ್ದೂ ಬೇಡಿದಾಗ ಹಿಂದಿರುಗಿಸದಿದ್ದರೆ, ದಂಪತಿಗಳ ನಡುವೆಯೂ ವ್ಯವಹಾರ ಸಲ್ಲುತ್ತದೆ.

ಇಲ್ಲಿ ಎರಡು ಅಂಶಗಳು ವಿಚಾರಾರ್ಹವಾಗಿವೆ. ಮೊದಲನೆಯದು, ಪತ್ನಿಯ ವಿಷಯದಲ್ಲಿ ವ್ಯಾಖ್ಯಾನಕಾರನು ಕೊಟ್ಟ ಉದಾಹರಣೆಯು ಧನದ್ದೇ ಹೊರತು ದೇಹದ್ದಲ್ಲ. ಪೆಟ್ಟು ತಿಂದ ಶಿಷ್ಯನನ್ನು ಹೆಸರಿಸಿದ ಲೇಖನಿಯು ಪೆಟ್ಟು ತಿಂದ ಪತ್ನಿಯನ್ನು ಅಲ್ಲಿ ಹೆಸರಿಸಿಲ್ಲ. ಎರಡನೆಯದು, ಆ ಉದಾಹರಣೆಗಳ ಹಿಂದಿರುವ ನ್ಯಾಯವು ಅವಳನ್ನು ಹೊರಗಿಡುವದಿಲ್ಲ. ಸ್ಮೃತಿಗೂ ಆಚಾರಕ್ಕೂ ವಿರುದ್ಧವಾದ ಮಾರ್ಗದಿಂದ ಇತರರ ಪೀಡನೆಗೊಳಗಾದವನು ಅರಸನಿಗೆ ಬಿನ್ನವಿಸಿದರೆ ಅದು ವ್ಯವಹಾರಪದವೆಂದು ಯಾಜ್ಞವಲ್ಕ್ಯನ ಲಕ್ಷಣ. ಗುರುವಿನ ಪೆಟ್ಟು ಶಿಕ್ಷಣವಾಗದೆ ಪೀಡನೆಯಾದದ್ದು ಅವನು ಕೋಪಕ್ಕೆ ವಶನಾಗಿ ಎಲ್ಲೆ ಮೀರಿದ್ದರಿಂದ. ಪತಿಯ ಕೋಪಕ್ಕೆ ಬೇರೆ ತೂಕವಿರಲು ಈ ಲಕ್ಷಣದಲ್ಲಿ ಕಾರಣ ಕಾಣದು. ಶಾಸ್ತ್ರವೇ ಅಧಿಕಾರವಿತ್ತಿದೆಯೆಂದು ಸಿಟ್ಟಿನಲ್ಲಿ ಕೈಯೆತ್ತುವವನ ಮೊದಲನೆಯ ಪಕ್ಷವೂ ಹೀಗೆ ಬೀಳುತ್ತದೆ.

ಹನ್ನೆರಡನೆಯ ಶತಮಾನದ ನಡುವಿನಲ್ಲಿ ಅದೇ ಕಲ್ಯಾಣದಲ್ಲಿ ನೆರೆದ ಶರಣರು ಈ ಪ್ರಶ್ನೆಯ ಮೂಲವನ್ನೇ ಹಿಡಿದರು. ಮಾಯೆಯಿರುವದು ಹೆಣ್ಣಿನಲ್ಲಲ್ಲ, ಮನದ ಮುಂದಣ ಆಸೆಯಲ್ಲಿ ಎಂಬುದು ಅಲ್ಲಮಪ್ರಭುವಿನ ನಿಲುವು. ಒಳಗಿನ ಆತ್ಮಕ್ಕೆ ಹೆಣ್ಣುಗಂಡೆಂಬ ಭೇದವಿಲ್ಲವೆಂಬುದು ಅವರಿಗಿಂತ ಹಿಂದಿನವನಾದ ಜೇಡರ ದಾಸಿಮಯ್ಯನ ಮಾತಿನ ತಿರುಳು. ಅಲ್ಲಿಗೆ ತಿದ್ದಿಕೊಳ್ಳಬೇಕಾದವನು ತನ್ನ ಮನಸ್ಸನ್ನು ಆಳಲಾರದ ಪುರುಷನೇ ಆದನು. ಹರಿಹರನ ಮಹಾದೇವಿಯಕ್ಕನ ರಗಳೆಯಲ್ಲಿ ಕೌಶಿಕನು ಒಪ್ಪಿಕೊಂಡ ನಿಬಂಧನೆಗಳನ್ನು ಮೀರುತ್ತಾನೆ, ಅಕ್ಕನು ಅವನನ್ನು ತೊರೆದು ಹೊರಡುತ್ತಾಳೆ. ಅವಳದು ಮಹಾವಿರಕ್ತೆಯ ಮಾರ್ಗ. ಮನೆಮಕ್ಕಳಿರುವ ಸಾಮಾನ್ಯ ಗೃಹಿಣಿಗೆ ಅದು ಸುಲಭವಲ್ಲ. ಅವಳಿಗೆ ಪತಿಯ ಸಂಯಮವು ಬೇಕು, ಅದು ತಪ್ಪಿದಾಗ ಸಭೆಯ ಬಾಗಿಲೂ ಬೇಕು.

ಆ ಬಾಗಿಲಿನ ವಿಷಯದಲ್ಲಿ ವಿಜ್ಞಾನೇಶ್ವರನ ನಿರ್ಣಯವು ವಿವೇಕದಿಂದ ಕೂಡಿದೆ. ಇಂಥ ವ್ಯವಹಾರವು ಶ್ರೇಯಸ್ಕರವಲ್ಲವೆಂದು ಅರಸನು ಸಭ್ಯರೊಡನೆ ಮೊದಲು ತಿಳಿಹೇಳಿ ತಡೆಯಬೇಕು. ದೂರಿದವರ ನಿರ್ಬಂಧವು ಬಲವಾದರೆ ವ್ಯವಹಾರವನ್ನು ನಡೆಸಲೇಬೇಕು. ತಿಳಿಹೇಳುವದು ಮೊದಲ ಮೆಟ್ಟಿಲು ಮಾತ್ರ, ಬಾಗಿಲಿಗೆ ಹಾಕುವ ಅಗುಳಿಯಲ್ಲ. ಸಂಧಾನದ ಹೆಸರಿನಲ್ಲಿ ಪೆಟ್ಟು ತಿಂದವಳನ್ನು ಮರಳಿ ಅದೇ ಮನೆಗೆ ಕಳಿಸುವ ಪಂಚರು ಈ ಎರಡನೆಯ ವಾಕ್ಯವನ್ನು ಓದಬೇಕು.

ಭಾರತದ ಸಂಸತ್ತು 2005ರಲ್ಲಿ ಅಂಗೀಕರಿಸಿದ, 2006ರ ಅಕ್ಟೋಬರ 26ರಿಂದ ಜಾರಿಯಾದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು ದೈಹಿಕ, ಲೈಂಗಿಕ, ವಾಚಿಕ, ಮಾನಸಿಕ ಪೀಡನೆಗಳೊಡನೆ ಆರ್ಥಿಕ ಪೀಡನೆಯನ್ನೂ ಎಣಿಸಿ, ಸ್ತ್ರೀಧನವನ್ನು ಅದರಲ್ಲಿಯೇ ಹೆಸರಿಸಿದೆ. ಮಿತಾಕ್ಷರೆಯು ಪತ್ನಿಯ ಧನಕ್ಕೆ ಬಾಗಿಲು ತೆರೆದು, ಅವಳ ದೇಹದ ವಿಷಯವನ್ನು ಓದುಗರ ಊಹೆಗೆ ಬಿಟ್ಟಿತು. ಆ ಉಳಿದ ಮಾತನ್ನು ಎಂಟು ಶತಮಾನಗಳಿಗೂ ಮಿಗಿಲಾದ ಕಾಲದ ಮೇಲೆ ಶಾಸನವು ಸ್ಪಷ್ಟವಾಗಿ ಬರೆಯಬೇಕಾಯಿತು.