ಜಾಲತಾಣದ ಹೆಸರು ಯಾರ ಸ್ವತ್ತು?

ತಾಳವಾಡಿ ಎಂದು ನಾವು ಬರೆಯುವ ಹೆಸರು ಇಂಗ್ಲಿಷಿಗೆ ಹೋದೊಡನೆ ಹಲವು ರೂಪ ತಾಳುತ್ತದೆ. ಕೆಲವರು ‘ಟಿ’ ಅಕ್ಷರದಿಂದಲೂ ಕೆಲವರು ತಮಿಳುನಾಡಿನ ರೂಢಿಯಂತೆ ‘ಟಿ’ಯ ಜೊತೆಗೆ ‘ಎಚ್’ ಸೇರಿಸಿಯೂ ಆರಂಭಿಸುತ್ತಾರೆ. ಕೊನೆಗೆ ‘ಐ’ ಬರೆಯುವವರೂ ‘ವೈ’ ಬರೆಯುವವರೂ ಉಂಟು. ಜೀರಹಳ್ಳಿಯ ಗತಿಯೂ ಇದೇ. ಬೆಟ್ಟದ ಅರಿಶಿನವನ್ನೋ ಜೇನನ್ನೋ ಊರ ಹೆಸರಿನಲ್ಲಿ ಅಂತರ್ಜಾಲದಲ್ಲಿ ಮಾರಹೊರಟವರಿಗೆ ಇದು ಸಣ್ಣ ಸಂಗತಿಯಲ್ಲ. ಒಂದೊಂದು ಕಾಗುಣಿತವೂ ಒಂದೊಂದು ಪ್ರತ್ಯೇಕ ಡೊಮೇನ್ ಹೆಸರು. ಮೊದಲು ಹಣ ಕಟ್ಟಿದವರಿಗೆ ಅದು ದೊರೆಯುತ್ತದೆ. ಅನ್ಯರ ಹೆಸರನ್ನು ಹೀಗೆ ದುರುದ್ದೇಶದಿಂದ ನೋಂದಾಯಿಸಿಕೊಂಡು, ಹೆಚ್ಚಿನ ಬೆಲೆಗೆ ಮಾರುವುದನ್ನು ಅಥವಾ ಗಿರಾಕಿಗಳನ್ನು ತನ್ನತ್ತ ತಿರುಗಿಸಿಕೊಳ್ಳುವುದನ್ನು ಸೈಬರ್ ಸ್ಕ್ವಾಟಿಂಗ್ ಎನ್ನುತ್ತಾರೆ.

ಒಂದೇ ಅಕ್ಷರದ ವ್ಯತ್ಯಾಸ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಪ್ರಕರಣ ಬೆಂಗಳೂರಿನದು. ಸತ್ಯಂ ಇನ್ಫೋವೇ ಸಂಸ್ಥೆ ತನ್ನ ಹೆಸರಿನ ತುಣುಕುಗಳಿಂದ ‘ಸಿಫಿ’ ಎಂಬ ಪದವನ್ನು ಕಟ್ಟಿ, 1999ರಲ್ಲಿ ‘ಸಿಫಿನೆಟ್’ ಮೊದಲಾದ ಡೊಮೇನ್‌ಗಳನ್ನು ಪಡೆದಿತ್ತು. 2001ರಲ್ಲಿ ಮತ್ತೊಂದು ಸಂಸ್ಥೆ, ನಡುವೆ ಇನ್ನೊಂದು ‘ಎಫ್’ ಸೇರಿಸಿ, ‘ಸಿಫ್ಫಿನೆಟ್’ ಎಂದು ನೋಂದಾಯಿಸಿತು. ತನ್ನ ಐವರು ಪ್ರವರ್ತಕರ ಹೆಸರಿನ ಮೊದಲಕ್ಷರಗಳಿಂದ ಆ ಪದ ಹುಟ್ಟಿತೆಂಬುದು ಅದರ ವಾದ. ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ನೀಡಿತು; ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ತೆಗೆದುಹಾಕಿತು. 2004ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆಯನ್ನು ಮರಳಿ ಎತ್ತಿಹಿಡಿಯಿತು. ಐವರ ಕಥೆಯನ್ನು ಅದು ನಂಬಲಿಲ್ಲ. ಡೊಮೇನ್ ವಿವಾದಗಳಿಗೆಂದೇ ಪ್ರತ್ಯೇಕ ಕಾಯ್ದೆ ಭಾರತದಲ್ಲಿ ಇಲ್ಲದಿದ್ದರೂ, ಡೊಮೇನ್ ಹೆಸರು ಬರಿಯ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು. ಆದುದರಿಂದ ತನ್ನ ಸರಕನ್ನು ಮತ್ತೊಬ್ಬರದೆಂದು ಸಾಗಹಾಕುವುದನ್ನು ತಡೆಯುವ ನಿಯಮ ಇಲ್ಲಿಯೂ ಅನ್ವಯಿಸುತ್ತದೆ ಎಂಬುದು ತೀರ್ಪಿನ ತಿರುಳು.

ನ್ಯಾಯಾಲಯದ ಹೊರಗೂ ದಾರಿಯಿದೆ. ‘ಡಾಟ್ ಇನ್’ ವಿಳಾಸಗಳಿಗೆ 2005ರಿಂದ ಪ್ರತ್ಯೇಕ ವಿವಾದ ಪರಿಹಾರ ನೀತಿಯುಂಟು. ಮಧ್ಯಸ್ಥಗಾರರು ಹೆಸರನ್ನು ರದ್ದುಪಡಿಸಬಹುದು ಅಥವಾ ದೂರುದಾರರಿಗೆ ವರ್ಗಾಯಿಸಬಹುದು. ‘ಡಾಟ್ ಕಾಮ್’ ವಿವಾದಗಳು ಜಿನೀವಾದ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯ ಮುಂದೆ ಹೋಗಬಹುದಾದರೂ, ಶುಲ್ಕ 1,500 ಡಾಲರಿನಿಂದ ಆರಂಭ. ನಮ್ಮ ರೈತ ಗುಂಪುಗಳಿಗೆ ಎಟುಕುವ ಮಾತಲ್ಲ.

ಎಟುಕುವುದು ಟ್ರೇಡ್‌ಮಾರ್ಕ್ ನೋಂದಣಿ. ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಅಂತರ್ಜಾಲದ ಮೂಲಕ ಒಂದು ವರ್ಗದ ಸರಕಿಗೆ ಶುಲ್ಕ 4,500 ರೂಪಾಯಿ, ಅವಧಿ 10 ವರ್ಷ. ನಮಗೆ ಸಂಬಂಧಿಸಿದ ಕಚೇರಿ ಚೆನ್ನೈಯದು. ಆದರೆ ಬರಿಯ ಊರ ಹೆಸರು ಸಾಮಾನ್ಯವಾಗಿ ಮುದ್ರೆಯಾಗಿ ಒಪ್ಪಿತವಾಗದು. ಸರಕು ಹುಟ್ಟಿದ ಸ್ಥಳವನ್ನಷ್ಟೇ ಸೂಚಿಸುವ ಪದ ಎಲ್ಲರಿಗೂ ಸೇರಿದ್ದು. ‘ಸಿಫಿ’ಗೆ ಬಲ ಬಂದದ್ದು ಅದು ಕಟ್ಟಿದ ಪದವಾದುದರಿಂದಲೂ ಆಗಿದೆ. ಊರ ಹೆಸರಿಗೆ ಸ್ವಂತದ್ದೊಂದು ಪದ ಜೋಡಿಸಿ, ಅದರ ಎರಡು ಮೂರು ಕಾಗುಣಿತಗಳನ್ನೂ ಸಾಧ್ಯವಾದರೆ ‘ಡಾಟ್ ಭಾರತ’ದ ಕನ್ನಡ ಲಿಪಿಯ ವಿಳಾಸವನ್ನೂ ಒಟ್ಟಿಗೆ ಪಡೆಯುವುದು ಒಳಿತು. ನೋಂದಣಿ ಗುಂಪಿನ ಹೆಸರಿನಲ್ಲೇ ಇರಬೇಕು, ತಾಣ ರೂಪಿಸಿಕೊಟ್ಟವರ ಹೆಸರಿನಲ್ಲಲ್ಲ; ನವೀಕರಣದ ದಿನವನ್ನು ಗುಂಪಿನ ಲೆಕ್ಕದ ಪುಸ್ತಕದಲ್ಲೇ ಬರೆದಿಡಬೇಕು.