ಅಪ್ಪನ ಮನೆಗೆ ಬಾಡಿಗೆ

ದುಡಿಯಲು ತೊಡಗಿದ ಮಗ ಅಥವಾ ಮಗಳು ತಿಂಗಳ ಮೊದಲ ವಾರ ಅಮ್ಮನ ಕೈಗೆ ಒಂದಿಷ್ಟು ಹಣ ಕೊಡುವುದು ಎಷ್ಟೋ ಮನೆಗಳಲ್ಲಿ ರೂಢಿ. ಅದನ್ನು ಯಾರೂ ಬಾಡಿಗೆ ಎಂದು ಕರೆಯುವುದಿಲ್ಲ, ಅದಕ್ಕೆ ರಶೀದಿಯೂ ಇರುವುದಿಲ್ಲ. ಆದರೆ ಹೆತ್ತವರ ಹೆಸರಿನಲ್ಲಿರುವ ಮನೆಯಲ್ಲಿ ವಾಸವಿದ್ದು, ಆ ಹಣವನ್ನು ನಿಜಕ್ಕೂ ಬಾಡಿಗೆಯಾಗಿ ಕೊಟ್ಟರೆ ಸಂಬಳದ ಮೇಲಿನ ತೆರಿಗೆ ಇಳಿಯುತ್ತದೆ. ಮನೆಖರ್ಚಿಗೆ ಕೊಟ್ಟದ್ದು ಯಾವುದು, ಬಾಡಿಗೆ ಯಾವುದು? ಭಾರತದ ತೆರಿಗೆ ಕಾನೂನು ಆರು ದಶಕಗಳಲ್ಲಿ ಈ ಪ್ರಶ್ನೆಗೆ ಹಂತಹಂತವಾಗಿ ಉತ್ತರ ಕಂಡುಕೊಂಡಿದೆ.

ಈ ಪ್ರಶ್ನೆ ಏಳುವುದು ಸಂಬಳದ ಊರುಗಳಲ್ಲಿ. ಚೆನ್ನೈನ ಉತ್ತರದ ಅಂಚಿನ ತಿರುವೊಟ್ಟಿಯೂರು ಅಂಥದ್ದೊಂದು. 1946ರಲ್ಲಿ ಕೆ.ಎಂ. ಮಾಮ್ಮನ್ ಮಾಪಿಳ್ಳೈ ಇಲ್ಲಿನ ಒಂದು ಶೆಡ್ಡಿನಲ್ಲಿ ಆಟದ ಬಲೂನು ಮಾಡಲು ಶುರುಮಾಡಿದರು. ಅದೇ ಮುಂದೆ ಎಂಆರ್‌ಎಫ್ ಆಯಿತು. 1955ರಲ್ಲಿ ಹುಟ್ಟಿದ ಎನ್‌ಫೀಲ್ಡ್ ಇಂಡಿಯಾ ಬುಲೆಟ್ ಮೋಟಾರ್‌ಸೈಕಲ್ಲಿನ ಕಾರ್ಖಾನೆಯನ್ನು ಇಲ್ಲಿಯೇ ಕಟ್ಟಿತು. ಪಕ್ಕದ ಎಣ್ಣೂರಿನಲ್ಲಿ ಅಶೋಕ್ ಲೇಲ್ಯಾಂಡ್ ಬಂತು. ಕಾರ್ಖಾನೆ ಸೇರಿದ ಮೊದಲ ತಲೆಮಾರು ಮನೆ ಕಟ್ಟಿತು, ಎರಡನೆಯದು ಅದೇ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಹೋಯಿತು: ಇಂಥ ಊರುಗಳಲ್ಲಿ ಇದು ಸಾಮಾನ್ಯ.

ಈ ಊರಿಗೂ ಕನ್ನಡನಾಡಿಗೂ ಹಳೆಯ ನಂಟಿದೆ. ಇಲ್ಲಿನ ತ್ಯಾಗರಾಜ ದೇವಾಲಯದಲ್ಲಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಆಳ್ವಿಕೆಯ 20ನೆಯ ವರ್ಷದ ಶಾಸನವಿದೆ. ಚತುರಾನನ ಪಂಡಿತನೆಂಬ ಯತಿ 100 ನಿಷ್ಕ ಚಿನ್ನವನ್ನು ಸಭೆಯೊಂದರ ವಶಕ್ಕೆ ಕೊಟ್ಟು, ಅದರ ಬಡ್ಡಿಯಿಂದ ದೇವರ ಸೇವೆ ನಡೆಯಬೇಕೆಂದು ಗೊತ್ತುಮಾಡಿದ್ದನ್ನು ಅದು ಹೇಳುತ್ತದೆ. ಕೊಟ್ಟವರು ಯಾರು, ಪಡೆದವರು ಯಾರು, ಎಷ್ಟು, ಏತಕ್ಕೆ: ಇಷ್ಟನ್ನೂ ಹತ್ತನೆಯ ಶತಮಾನದಲ್ಲೇ ಕಲ್ಲಿನ ಮೇಲೆ ಬರೆದಿಟ್ಟರು. ತೆರಿಗೆ ಅಧಿಕಾರಿ ಮಗನನ್ನು ಕೇಳುವುದೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು.

1961ರ ಆದಾಯ ತೆರಿಗೆ ಕಾಯಿದೆಯಲ್ಲಿ ಮೊದಲಿಗೆ ಬಾಡಿಗೆ ಭತ್ಯೆಗೆಂದೇ ಪ್ರತ್ಯೇಕ ವಿನಾಯಿತಿ ಇರಲಿಲ್ಲ. 1964ರ ತಿದ್ದುಪಡಿ 10(13ಎ) ಎಂಬ ಉಪವಿಧಿಯನ್ನು ಸೇರಿಸಿತು. ಅದು ಆ ವರ್ಷದ ಅಕ್ಟೋಬರ್ 6ರಿಂದ ಜಾರಿಗೆ ಬಂತು. ನೌಕರ ತಾನು ವಾಸಿಸುವ ಮನೆಗೆ ನಿಜವಾಗಿ ಬಾಡಿಗೆ ಕೊಟ್ಟಿದ್ದರೆ, ಮಾಲೀಕರು ಅದಕ್ಕಾಗಿ ಕೊಡುವ ಮನೆ ಬಾಡಿಗೆ ಭತ್ಯೆಗೆ, ಅಂದರೆ ಎಚ್‌ಆರ್‌ಎಗೆ, ಒಂದು ಮಿತಿಯವರೆಗೆ ತೆರಿಗೆ ಇಲ್ಲ. 1984ರ ತಿದ್ದುಪಡಿ ಇನ್ನೊಂದು ವಿವರಣೆ ಕೊಟ್ಟಿತು: ವಾಸದ ಮನೆ ನೌಕರನದೇ ಆಗಿದ್ದರೆ, ಅಥವಾ ಅವನು ಬಾಡಿಗೆಯನ್ನೇ ಕೊಟ್ಟಿರದಿದ್ದರೆ, ವಿನಾಯಿತಿ ಇಲ್ಲ. ಮನೆಯ ಒಡೆಯ ನೆಂಟನಾಗಿರಬಾರದು ಎಂದು ಮಾತ್ರ ಕಾನೂನು ಎಲ್ಲಿಯೂ ಹೇಳಲಿಲ್ಲ. ಮುಂದಿನ ವ್ಯಾಜ್ಯಗಳೆಲ್ಲ ಹುಟ್ಟಿದ್ದು ಈ ಮೌನದಿಂದ.

ಮಿತಿಯ ಲೆಕ್ಕ 1962ರ ನಿಯಮಗಳ 2ಎಯಲ್ಲಿತ್ತು. ಪಡೆದ ಭತ್ಯೆ; ಕೊಟ್ಟ ಬಾಡಿಗೆಯಲ್ಲಿ ಸಂಬಳದ ಶೇ. 10 ಕಳೆದು ಉಳಿದದ್ದು, ಸಂಬಳದ ಶೇ. 50 ಅಥವಾ 40. ಈ ಮೂರರಲ್ಲಿ ಕಡಿಮೆಯದು ವಿನಾಯಿತಿ. ಶೇ. 50 ಸಿಗುತ್ತಿದ್ದುದು ಬಾಂಬೆ, ಕಲ್ಕತ್ತ, ದೆಹಲಿ, ಮದರಾಸು ಎಂಬ ನಾಲ್ಕು ಊರುಗಳಿಗೆ ಮಾತ್ರ. ಬೆಂಗಳೂರು ಎಷ್ಟೇ ಬೆಳೆದರೂ ಆ ನಿಯಮದಲ್ಲಿ ಶೇ. 40ರ ಸಾಲಿನಲ್ಲೇ ಉಳಿಯಿತು. ತಿರುವೊಟ್ಟಿಯೂರು 2011ರವರೆಗೆ ಬೇರೆಯೇ ಪುರಸಭೆ. ಆ ವರ್ಷ ಚೆನ್ನೈ ಕಾರ್ಪೊರೇಷನ್ನಿಗೆ ಸೇರಿ ಅದರ ಒಂದನೆಯ ವಲಯವಾಯಿತು.

ಒಂದು ಲೆಕ್ಕ ನೋಡಬಹುದು. ಮಗನ ಮೂಲ ವೇತನ ಮತ್ತು ತುಟ್ಟಿ ಭತ್ಯೆ ಸೇರಿ ತಿಂಗಳಿಗೆ 30,000 ರೂಪಾಯಿ, ಬಾಡಿಗೆ ಭತ್ಯೆ 15,000, ಅಪ್ಪನಿಗೆ ಕೊಡುವ ಬಾಡಿಗೆ 12,000 ಎಂದಿಟ್ಟುಕೊಳ್ಳಿ. ಬಾಡಿಗೆಯಲ್ಲಿ 3,000 ಕಳೆದರೆ 9,000, ಅದೇ ಕಡಿಮೆಯದು. ವರ್ಷಕ್ಕೆ 1,08,000 ರೂಪಾಯಿಗೆ ತೆರಿಗೆ ತಪ್ಪಿತು. ಆದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಅಪ್ಪನಿಗೆ ಬಂದ 1,44,000 ರೂಪಾಯಿ ಅವರ ಆದಾಯ. ಮನೆ ತೆರಿಗೆಯನ್ನು ಬದಿಗಿಟ್ಟರೆ, ಶೇ. 30ರ ಕಡಿತ ಹೋಗಿ 1,00,800 ರೂಪಾಯಿಯನ್ನು ಅವರು ತಮ್ಮ ಲೆಕ್ಕದಲ್ಲಿ ತೋರಿಸಬೇಕು. ನಿವೃತ್ತ ತಂದೆಯ ಒಟ್ಟು ಆದಾಯ ತೆರಿಗೆಯ ಮಟ್ಟಕ್ಕಿಂತ ಕೆಳಗಿದ್ದರೆ ಮನೆಗೆ ಲಾಭ. ಅವರೂ ತೆರಿಗೆ ಕಟ್ಟುವವರಾದರೆ ಲಾಭ ಕರಗುತ್ತದೆ.

ನೆಂಟನಿಗೆ ಕೊಟ್ಟ ಬಾಡಿಗೆಯನ್ನು ಕಂಡಕೂಡಲೇ ಅಧಿಕಾರಿಗಳಿಗೆ ಅನುಮಾನ ಬರುವುದು ಸಹಜ. ಅಹಮದಾಬಾದಿನಲ್ಲಿ ಒಬ್ಬ ಪತಿ ಹೆಂಡತಿಯ ಮನೆಯಲ್ಲಿ ಅವಳ ಜೊತೆಯೇ ಇದ್ದು ಅವಳಿಗೆ ಬಾಡಿಗೆ ಕೊಟ್ಟಿದ್ದ. ಇದು ತೆರಿಗೆ ತಪ್ಪಿಸುವ ಉಪಾಯ ಎಂದು ಇಲಾಖೆ ವಾದಿಸಿತು. 2013ರಲ್ಲಿ ಅಲ್ಲಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ: ಮನೆ ಅವನದಲ್ಲ, ಬಾಡಿಗೆ ಕೊಟ್ಟದ್ದು ನಿಜ, ಕಾನೂನಿನ ಎರಡೂ ಷರತ್ತು ಪೂರೈಸಿವೆ. ಆದರೆ ಗಂಡ ಹೆಂಡಿರ ನಡುವೆ ಒಂದು ತೊಡಕುಂಟು. ತಕ್ಕ ಬೆಲೆ ಪಡೆಯದೆ ಸಂಗಾತಿಯ ಹೆಸರಿಗೆ ಮನೆ ಮಾಡಿಕೊಟ್ಟವರನ್ನೇ 1961ರ ಕಾಯಿದೆಯ 27ನೆಯ ಸೆಕ್ಷನ್ ಒಡೆಯರೆಂದು ಎಣಿಸುತ್ತಿತ್ತು.

ಮುಂಬೈಯಲ್ಲಿ 2017ರಲ್ಲಿ ತೀರ್ಪು ತಿರುಗಿತು. ತಾಯಿಗೆ ನಗದಾಗಿ ಬಾಡಿಗೆ ಕೊಟ್ಟೆ ಎಂದಿದ್ದ ಮಗಳ ಬಳಿ ರಶೀದಿಗಳನ್ನು ಬಿಟ್ಟರೆ ಗಟ್ಟಿಯಾದ ಆಧಾರವಿರಲಿಲ್ಲ. ಕರಾರು ಪತ್ರವಿಲ್ಲ, ಬ್ಯಾಂಕಿನಿಂದ ಹಣ ತೆಗೆದ ಗುರುತಿಲ್ಲ. ಅವಳು ತಾಯಿಯ ಮನೆಯಲ್ಲಿ ವಾಸವಿದ್ದಳೆಂಬುದೇ ವಿಚಾರಣೆಯಲ್ಲಿ ನಿಲ್ಲಲಿಲ್ಲ. ವಿನಾಯಿತಿ ಹೋಯಿತು. ಎರಡೂ ಕಡೆ ಬಾಡಿಗೆ ಪಡೆದವರು ಮನೆಯವರೇ. ಹಣ ಕೈ ಬದಲಾಯಿಸಿದ್ದಕ್ಕೂ ವಾಸಕ್ಕೂ ಸಾಕ್ಷಿ ಇತ್ತೇ ಎಂಬುದು ತೀರ್ಪನ್ನು ಬೇರೆಮಾಡಿತು.

ಬ್ರಿಟನ್ನು ಇದೇ ಪ್ರಶ್ನೆಗೆ ಬೇರೆ ದಾರಿ ಹಿಡಿಯಿತು. 1982ರ ಕಾಯಿದೆಯಿಂದ ಬಂದ ಅಲ್ಲಿನ ಹೌಸಿಂಗ್ ಬೆನಿಫಿಟ್ ತೆರಿಗೆ ವಿನಾಯಿತಿಯಲ್ಲ, ಕಡಿಮೆ ಆದಾಯದ ಬಾಡಿಗೆದಾರರಿಗೆ ಸಿಗುವ ನೆರವು. ಮನೆಯ ಒಡೆಯ ಹತ್ತಿರದ ನೆಂಟನಾಗಿದ್ದು ಅದೇ ಮನೆಯಲ್ಲಿ ವಾಸವಿದ್ದರೆ ಆ ನೆರವು ಇಲ್ಲ. ಬೇರೆಡೆ ವಾಸವಿದ್ದರೂ ಹೊರಗಿನವರಿಗೆ ಬಾಡಿಗೆ ಕೊಟ್ಟಂತೆಯೇ ವ್ಯವಹಾರ ಇರಬೇಕು. ಆ ನಿಯಮದ ಪ್ರಕಾರ ಅಪ್ಪನೊಡನೆ ಇರುವ ತಿರುವೊಟ್ಟಿಯೂರಿನ ಮಗನಿಗೆ ಏನೂ ಸಿಗುತ್ತಿರಲಿಲ್ಲ. ಭಾರತ ಒಂದೇ ಸೂರನ್ನು ತಪ್ಪೆನ್ನಲಿಲ್ಲ. ಬದಲಿಗೆ ಕಾಗದ ಕೇಳಿತು.

ಆ ಕಾಗದ ವರ್ಷ ವರ್ಷ ಹೆಚ್ಚಿತು. 2013ರ ಅಕ್ಟೋಬರಿನಲ್ಲಿ ಬಂದ ಸುತ್ತೋಲೆ, ವರ್ಷದ ಬಾಡಿಗೆ 1,00,000 ರೂಪಾಯಿ ದಾಟಿದರೆ ಮನೆಯ ಒಡೆಯರ ಪಾನ್ ಕೊಡಬೇಕೆಂದಿತು. ಅದಕ್ಕೆ ಮುಂಚೆ ಈ ಗೆರೆ 1,80,000 ಇತ್ತು. 2016ರ ಜೂನ್‌ನಿಂದ 12ಬಿಬಿ ನಮೂನೆಯಲ್ಲಿ ಒಡೆಯರ ಹೆಸರು, ವಿಳಾಸ ಬರೆಯಬೇಕಾಯಿತು. ಹೀಗೆ ಮಗ ತೋರಿಸಿದ ಬಾಡಿಗೆಯನ್ನು ಅಪ್ಪ ತೋರಿಸಿದ ಆದಾಯದೊಂದಿಗೆ ಕಂಪ್ಯೂಟರೇ ತಾಳೆ ನೋಡುವಂತಾಯಿತು. ಇಂಥ ತಾಳೆ ತಪ್ಪಿದ ಕೆಲವು ಪ್ರಕರಣಗಳ ಸುದ್ದಿ ಹಬ್ಬಿದಾಗ, ಹಳೆಯ ಲೆಕ್ಕಗಳನ್ನು ಸಾಮೂಹಿಕವಾಗಿ ತೆರೆಯುವ ಅಭಿಯಾನವೇನೂ ಇಲ್ಲವೆಂದು ಕೇಂದ್ರ ನೇರ ತೆರಿಗೆ ಮಂಡಳಿ 2024ರ ಏಪ್ರಿಲ್‌ನಲ್ಲಿ ಹೇಳಬೇಕಾಯಿತು.

ಅಷ್ಟರಲ್ಲಿ ವಿನಾಯಿತಿಯ ನೆಲೆಯೇ ಕುಗ್ಗತೊಡಗಿತ್ತು. 2020ರಲ್ಲಿ ಬಂದ ಹೊಸ ತೆರಿಗೆ ಪದ್ಧತಿಯಲ್ಲಿ ದರ ಕಡಿಮೆ, ಆದರೆ ಬಾಡಿಗೆ ಭತ್ಯೆಗೆ ವಿನಾಯಿತಿ ಇಲ್ಲ. 2023-24ರಿಂದ, ಬೇಡವೆಂದು ಹೇಳದವರಿಗೆಲ್ಲ ಅದೇ ಪದ್ಧತಿ. ಅದಕ್ಕೆ ಹೋದ ಮಗ ಅಪ್ಪನಿಗೆ ಬಾಡಿಗೆ ಕೊಡುತ್ತಲೇ ಇದ್ದರೆ ಅವನಿಗೆ ವಿನಾಯಿತಿ ಸಿಗದು. ಅಪ್ಪನ ಪಾಲಿಗೆ ಅದು ಮುಂಚಿನಂತೆ ಬಾಡಿಗೆ ಆದಾಯವೇ.